ಅರ್ಧದಾರಿಯಲ್ಲಿ ನಿಲ್ಲುವ ಗಣಕಯಂತ್ರ: ಒಂದು ಸಣ್ಣ ಚರಿತ್ರೆ

ಗುಂಡಿಯನ್ನು ಒತ್ತುತ್ತೇವೆ. ಫ್ಯಾನು ತಿರುಗುತ್ತದೆ, ದೀಪ ಹೊತ್ತಿಕೊಳ್ಳುತ್ತದೆ, ಪರದೆಯ ಮೇಲೆ ಕಂಪನಿಯ ಲಾಂಛನವೂ ಮೂಡುತ್ತದೆ. ಅಲ್ಲಿಂದ ಮುಂದಕ್ಕೆ ಯಂತ್ರ ಕದಲುವುದಿಲ್ಲ. ಇಂತಹ ಸಂದರ್ಭದಲ್ಲಿ ನಮ್ಮ ಊರುಗಳಲ್ಲಿ ಮೊದಲು ಕೇಳಿಬರುವ ಸಲಹೆ ಒಂದೇ: “ಫಾರ್ಮ್ಯಾಟ್ ಮಾಡಿಸಿಬಿಡಿ.” ಈ ಒಂದು ಮಾತಿಗೆ ಎಷ್ಟು ಮನೆಗಳ ಮದುವೆಯ ಚಿತ್ರಗಳು, ಬರಹ ಹಾಗೂ ನುಡಿ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿಟ್ಟ ಎಷ್ಟು ಲೇಖನಗಳು ಅಳಿಸಿಹೋಗಿವೆಯೋ ಲೆಕ್ಕವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಇದನ್ನು ತಿಳಿದಿರಲಿ ಎಂಬ ಉದ್ದೇಶದಿಂದ, ಈ ತೊಂದರೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತಿದ್ದೇನೆ. ಯಂತ್ರವು ನಿಂತ ಜಾಗವೇ ದೋಷದ ಗುರುತು ಹೇಳುತ್ತದೆ ಎಂಬುದು ಈ ಚರಿತ್ರೆಯ ಸಾರ.

ಮಾಲೇಕಲ್ಲಿನ ಸುತ್ತಮುತ್ತಲಿನವರಿಗೆ ರೈಲಿನ ಉದಾಹರಣೆ ಕೊಟ್ಟರೆ ಸುಲಭವಾಗಿ ಅರ್ಥವಾದೀತು. ಬೆಂಗಳೂರಿನಿಂದ ಹೊರಟ ಗಾಡಿ ತುಮಕೂರು, ತಿಪಟೂರು, ಅರಸೀಕೆರೆ, ಕಡೂರುಗಳನ್ನು ದಾಟಿ ಬೀರೂರಿಗೆ ಬರಬೇಕು. ಗಾಡಿ ಬೀರೂರಿಗೆ ಬರಲಿಲ್ಲವೆಂದರೆ ಯಾರೂ ಹಳಿಯನ್ನೆಲ್ಲ ಕಿತ್ತು ಹೊಸದಾಗಿ ಹಾಕುವುದಿಲ್ಲ. ಕೊನೆಯದಾಗಿ ಯಾವ ನಿಲ್ದಾಣವನ್ನು ದಾಟಿತು ಎಂದು ವಿಚಾರಿಸುತ್ತಾರೆ. ಅರಸೀಕೆರೆ ದಾಟಿ ಕಡೂರು ತಲುಪಿಲ್ಲವೆಂದರೆ ಅಡಚಣೆ ಇವೆರಡರ ನಡುವೆ ಇದೆ ಎಂದಾಯಿತು. ಗಣಕಯಂತ್ರದ ಆರಂಭವೂ ಇಂತಹದೇ ಒಂದು ಪ್ರಯಾಣ.

ಈ ಆರಂಭಕ್ಕೆ ‘ಬೂಟ್’ ಎಂಬ ಹೆಸರು ಬಂದುದು ಪಾದರಕ್ಷೆಯ ಬೂಟಿನಿಂದಲೇ. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಆಂಗ್ಲರಲ್ಲಿ ಒಂದು ನುಡಿಗಟ್ಟಿದೆ. ತಂತ್ರಾಂಶವನ್ನು ಓದಿಕೊಳ್ಳಲು ಯಂತ್ರಕ್ಕೆ ಮೊದಲೇ ಒಂದು ತಂತ್ರಾಂಶ ಬೇಕಲ್ಲವೇ? ಆ ಸಮಸ್ಯೆಗೆ ಹೋಲಿಸಿ ಈ ಹೆಸರನ್ನಿಟ್ಟರು. 1975ರ ಆಲ್ಟೇರ್ 8800 ಎಂಬ ಯಂತ್ರದಲ್ಲಿ ಮೊದಲ ಸೂಚನೆಗಳನ್ನು ಮುಂಭಾಗದ ಸ್ವಿಚ್ಚುಗಳ ಮೂಲಕ ಮನುಷ್ಯನೇ ಒಂದೊಂದಾಗಿ ತುಂಬಬೇಕಾಗಿತ್ತು.

1981ರ ಆಗಸ್ಟ್ ತಿಂಗಳಲ್ಲಿ ಐಬಿಎಂ ಕಂಪನಿ ತನ್ನ ‘ಪಿಸಿ’ಯನ್ನು ಹೊರತಂದಾಗ ಈ ಆರಂಭದ ಸೂಚನೆಗಳು ಬಯಾಸ್ ಎಂಬ ಹೆಸರಿನಲ್ಲಿ ಒಂದು ಚಿಪ್ಪಿನೊಳಗೆ ಅಡಕವಾಗಿದ್ದವು. ವಿದ್ಯುತ್ ಹರಿದೊಡನೆ ಬಯಾಸ್ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತಿತ್ತು. ಎಲ್ಲವೂ ಸರಿಯಿದ್ದರೆ ‘ಬೀಪ್’ ಎಂಬ ಒಂದು ಹ್ರಸ್ವ ಧ್ವನಿ. ಪರದೆಯ ಕಾರ್ಡಿನಲ್ಲಿ ದೋಷವಿದ್ದರೆ ಚಿತ್ರ ತೋರಿಸಿ ಹೇಳುವಂತಿಲ್ಲವಲ್ಲ! ಆಗ ಒಂದು ದೀರ್ಘ, ಎರಡು ಹ್ರಸ್ವ ಧ್ವನಿಗಳು. ಛಂದಸ್ಸಿನ ಪಾಠವನ್ನು ಮರೆಯದವರಿಗೆ ಇದು ಗುರು, ಲಘು, ಲಘು, ಅಂದರೆ ಭಗಣ. ಮುಂದೆ ಬೇರೆ ಬೇರೆ ಕಂಪನಿಗಳು ತಮ್ಮದೇ ಸಂಕೇತಗಳನ್ನು ಮಾಡಿಕೊಂಡವು. ಆದ್ದರಿಂದ ಧ್ವನಿಗಳನ್ನು ಎಣಿಸಿ, ಬರೆದಿಟ್ಟುಕೊಂಡು, ಆಯಾ ಮದರ್‌ಬೋರ್ಡಿನ ಕೈಪಿಡಿಯಲ್ಲಿ ನೋಡುವುದೇ ಕ್ರಮ.

1984ರ ‘ಎಟಿ’ ಮಾದರಿಯಲ್ಲಿ ಗಡಿಯಾರವನ್ನೂ ಹೊಂದಾಣಿಕೆಗಳನ್ನೂ ಕಾಪಾಡುವುದಕ್ಕೆ ಬ್ಯಾಟರಿಯೊಂದು ಒಳಗೆ ಬಂದಿತು. ಇಂದಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ನಾಣ್ಯದಾಕಾರದ, 3 ವೋಲ್ಟಿನ, ಸಿಆರ್ 2032 ಎಂಬ ಬಿಲ್ಲೆ. ಅಡ್ಡಳತೆ 20 ಮಿಲಿಮೀಟರ್. ಇದು ಸತ್ತರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಎಷ್ಟೋ ಯಂತ್ರಗಳು ಎಫ್1 ಒತ್ತುವಂತೆ ಕೇಳಿ ಅಲ್ಲಿಯೇ ನಿಲ್ಲುತ್ತವೆ. ಇಂತಹ ಒಂದು ಯಂತ್ರಕ್ಕೆ ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿ ಬಟ್ಟೆ ಮುಚ್ಚಿದ್ದುದನ್ನು ನಾನು ಒಂದು ಶಾಲೆಯಲ್ಲಿ ಕಂಡಿದ್ದೇನೆ. ಅದಕ್ಕೆ ಬೇಕಾಗಿದ್ದುದು ಒಂದು ಬಿಲ್ಲೆ ಮಾತ್ರ. ಮಕ್ಕಳು ಕಳೆದುಕೊಂಡ ತರಗತಿಗಳು ಮಾತ್ರ ಹಿಂದಿರುಗಲಿಲ್ಲ.

ನಮ್ಮ ನಾಡಿನಲ್ಲಿ ಈ ತೊಂದರೆ ಹಳ್ಳಿಯವರ ತೊಂದರೆಯೂ ಆದುದು 2000ದ ಆಸುಪಾಸಿನಲ್ಲಿ. ‘ಭೂಮಿ’ ಯೋಜನೆಯಿಂದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾಗಿ, ರೈತನಿಗೆ ತಾಲ್ಲೂಕು ಕಚೇರಿಯಲ್ಲಿ ಮುದ್ರಿತ ಪ್ರತಿ ದೊರೆಯತೊಡಗಿತು. 2001ರಲ್ಲಿ ಆರಂಭವಾದ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಂದಿತು. ಯಂತ್ರಗಳ ಹಿಂದೆಯೇ ವಿದ್ಯುತ್ ಕಡಿತದ ಸಂಕಟವೂ ಬಂದಿತು. ಸರಿಯಾಗಿ ಮುಚ್ಚದೆ ಆರಿಹೋದ ವಿಂಡೋಸ್ 98 ಮರುದಿನ ‘ಸ್ಕ್ಯಾನ್‌ಡಿಸ್ಕ್’ ಮೂಲಕ ಡಿಸ್ಕನ್ನು ಪರೀಕ್ಷಿಸಲು ತೊಡಗುತ್ತಿತ್ತು. ಯಂತ್ರ ನಿಂತೇಹೋಯಿತೆಂದು ಭಾವಿಸಿದವರು ಮತ್ತೆ ಸ್ವಿಚ್ಚು ಆರಿಸುತ್ತಿದ್ದರು. ಅರೆಬರೆಯಾದ ಪರೀಕ್ಷೆಯಿಂದ ಡಿಸ್ಕಿನ ಸ್ಥಿತಿ ಇನ್ನಷ್ಟು ಹದಗೆಡುತ್ತಿತ್ತು. ಇಂದಿಗೂ ಪರದೆಯ ಮೇಲೆ ಶೇಕಡಾ ಲೆಕ್ಕ ಮೆಲ್ಲನೆ ಏರುತ್ತಿದ್ದರೆ, ಅಥವಾ ಡಿಸ್ಕಿನ ದೀಪ ಮಿನುಗುತ್ತಿದ್ದರೆ, ಒಂದು ಗಂಟೆಯಾದರೂ ಕಾಯುವುದು ವಿವೇಕ.

ಅದೇ ಕಾಲದ ಇನ್ನೆರಡು ಪಿಡುಗುಗಳನ್ನು ಇಲ್ಲಿ ಹೇಳಬೇಕು. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿ 1998ರಲ್ಲಿ ಬರೆದ ಸಿಐಎಚ್ ವೈರಸ್, 1999ರ ಏಪ್ರಿಲ್ 26ರಂದು ಜಗತ್ತಿನಾದ್ಯಂತ ಎಚ್ಚೆತ್ತಿತು. ಚೆರ್ನೋಬಿಲ್ ದುರಂತದ ದಿನವೂ ಅದೇ ಆದುದರಿಂದ ಆ ಹೆಸರೇ ಅದಕ್ಕೆ ಅಂಟಿಕೊಂಡಿತು. ಅದು ಡಿಸ್ಕಿನ ಆರಂಭದ ಭಾಗವನ್ನು ಅಳಿಸುತ್ತಿದ್ದುದಲ್ಲದೆ, ಕೆಲವು ಮದರ್‌ಬೋರ್ಡುಗಳಲ್ಲಿ ಬಯಾಸ್ ಚಿಪ್ಪನ್ನೇ ಹಾಳುಮಾಡುತ್ತಿತ್ತು. ಅಂತಹ ಯಂತ್ರಗಳು ಮೊದಲ ನಿಲ್ದಾಣವನ್ನೂ ಬಿಡುತ್ತಿರಲಿಲ್ಲ. ಎರಡನೆಯದು ಕೆಪಾಸಿಟರ್‌ಗಳ ಪಿಡುಗು. 2000ದ ನಂತರದ ಕೆಲವು ವರ್ಷಗಳಲ್ಲಿ ಒಳಗಿನ ದ್ರಾವಣ ದೋಷಯುಕ್ತವಾಗಿದ್ದ ಕೆಪಾಸಿಟರ್‌ಗಳು ಅಸಂಖ್ಯ ಮದರ್‌ಬೋರ್ಡುಗಳಲ್ಲಿ ಸೇರಿದ್ದವು. ಅವುಗಳ ಚಪ್ಪಟೆಯಾದ ತಲೆ ಊದಿಕೊಂಡು, ಕೆಲವೊಮ್ಮೆ ಕಂದು ದ್ರವ ಒಸರುತ್ತಿತ್ತು. ಯಂತ್ರ ಒಂದು ದಿನ ಆರಂಭವಾದರೆ ಇನ್ನೊಂದು ದಿನ ಇಲ್ಲ. ಕವಚ ತೆರೆದು ಕಣ್ಣಿಟ್ಟು ನೋಡಿದರೆ ಕಾಣುತ್ತಿದ್ದ ಈ ದೋಷಕ್ಕೆ ಎಷ್ಟು ಬಾರಿ ಫಾರ್ಮ್ಯಾಟ್ ಮಾಡಿಸಿದರೂ ಫಲವಿರಲಿಲ್ಲ.

ಇನ್ನು ಕೊನೆಯ ನಿಲ್ದಾಣಗಳ ಮಾತು. ವಿಂಡೋಸ್ 95ರಿಂದ ಜನಬಳಕೆಗೆ ಬಂದ ‘ಸೇಫ್ ಮೋಡ್’ ಎಂದರೆ ಅತ್ಯಗತ್ಯವಾದ ಸಾಮಾನನ್ನಷ್ಟೇ ಹೊತ್ತು ಹೊರಡುವುದು. ಹಾಗೆ ಹೊರಟಾಗ ಯಂತ್ರ ಗುರಿ ಮುಟ್ಟಿದರೆ, ದೋಷ ಹೆಚ್ಚಿನ ಪಾಲು ಹೊಸದಾಗಿ ಸೇರಿಸಿದ ಯಾವುದೋ ತಂತ್ರಾಂಶದಲ್ಲಿದೆ. ಇದರ ಬೆಲೆ ಜಗತ್ತಿಗೆ ಅರಿವಾದುದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದವು. ಎಷ್ಟೋ ಯಂತ್ರಗಳು ಆರಂಭದಲ್ಲಿಯೇ ಮತ್ತೆ ಮತ್ತೆ ಬಿದ್ದು ಏಳುತ್ತಿದ್ದವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಕೆಲಸ ಅಸ್ತವ್ಯಸ್ತವಾಯಿತು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಆ ದಿನ ಪರಿಹಾರವೆಂದು ಹೇಳಿದ್ದು ಫಾರ್ಮ್ಯಾಟ್ ಅಲ್ಲ. ಸೇಫ್ ಮೋಡಿಗೆ ಹೋಗಿ ಆ ಒಂದು ಕಡತವನ್ನು ಅಳಿಸುವುದು, ಅಷ್ಟೆ.

ಈ ಚರಿತ್ರೆಯಿಂದ ಮನೆಯ ಬಳಕೆಗೆ ಒಂದು ಕ್ರಮ ಸಿದ್ಧವಾಗುತ್ತದೆ. ಮೊದಲು ಪೆನ್‌ಡ್ರೈವ್, ಪ್ರಿಂಟರ್ ಮುಂತಾದ ಹೊರಗಿನ ಸಾಧನಗಳನ್ನೆಲ್ಲ ತೆಗೆದು, ಕೀಲಿಮಣೆ ಮತ್ತು ಪರದೆಗಳನ್ನಷ್ಟೇ ಉಳಿಸಿ ಆರಂಭಿಸಿ ನೋಡಿ. ಫ್ಯಾನು ತಿರುಗಿಯೂ ಚಿತ್ರ ಮೂಡದಿದ್ದರೆ, ವಿದ್ಯುತ್ ತಂತಿಯನ್ನು ಕಿತ್ತು, ಮೈಯ ಸ್ಥಾಯಿ ವಿದ್ಯುತ್ತು ಹೋಗುವಂತೆ ಕವಚದ ಲೋಹವನ್ನು ಮುಟ್ಟಿ, ರ‍್ಯಾಮ್ ಪಟ್ಟಿಯನ್ನು ಹೊರತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿರಿ. ಮೊದಲ ಲಾಂಛನದಲ್ಲಿಯೇ ನಿಂತರೆ ದಿನಾಂಕವನ್ನೂ ಬಿಲ್ಲೆಯನ್ನೂ ಡಿಸ್ಕಿನ ತಂತಿಯನ್ನೂ ನೋಡಿರಿ. ವಿಂಡೋಸ್ ಚಿಹ್ನೆ ಬಂದ ಮೇಲೆ ನಿಂತರೆ ಸೇಫ್ ಮೋಡ್. ವಿಂಡೋಸ್ 10 ಮತ್ತು 11ರಲ್ಲಿ ಆರಂಭ ಕೆಲವು ಬಾರಿ ವಿಫಲವಾದರೆ ಅದಕ್ಕೆ ದಾರಿ ತೋರುವ ದುರಸ್ತಿಯ ಪುಟ ತಾನಾಗಿಯೇ ತೆರೆಯುತ್ತದೆ. ವಿದ್ಯುತ್ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ಮಾತ್ರ ಯಾರೂ ಮನೆಯಲ್ಲಿ ಬಿಚ್ಚಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕರ ವಿದ್ಯುತ್ತು ಉಳಿದಿರಬಹುದು.

ಡಿಸ್ಕಿನಿಂದ ‘ಟಿಕ್ ಟಿಕ್’ ಸದ್ದು ಬರುತ್ತಿದ್ದರೆ ಪರೀಕ್ಷೆಗಳನ್ನೆಲ್ಲ ಕೈಬಿಟ್ಟು ಯಂತ್ರವನ್ನು ಆರಿಸಿರಿ. ಪ್ರತಿ ಆರಂಭವೂ ಉಳಿದುದನ್ನು ಕಳೆಯಬಹುದು. ಉಳಿದಂತೆ, ಯಂತ್ರ ಏಳದಿದ್ದ ಮಾತ್ರಕ್ಕೆ ಅದರಲ್ಲಿರುವ ಕಡತಗಳು ಸತ್ತಿವೆ ಎಂದು ಭಾವಿಸಬೇಕಾಗಿಲ್ಲ. ಡಿಸ್ಕನ್ನು ಕಳಚಿ ಇನ್ನೊಂದು ಗಣಕಯಂತ್ರಕ್ಕೆ ಜೋಡಿಸಿ ಅವನ್ನು ನಕಲು ಮಾಡಿಕೊಳ್ಳುವುದು ಬಹಳ ಸಲ ಸಾಧ್ಯ. ಬಿಟ್‌ಲಾಕರ್ ರಕ್ಷಣೆಯಿದ್ದಲ್ಲಿ 48 ಅಂಕಿಗಳ ಕೀಲಿ ಬೇಕಾಗುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಇಷ್ಟನ್ನೂ ಮಾಡಿ ದುರಸ್ತಿಯವರ ಬಳಿಗೆ ಹೋಗಬೇಕಾಗಿ ಬಂದರೆ, ಪರದೆಯು ಎಲ್ಲಿ ನಿಂತಿತೋ ಅದರ ಒಂದು ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಕಡತಗಳ ನಕಲು ನಿಮ್ಮ ಕೈಗೆ ಬಂದ ಮೇಲೆಯೇ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡಿ.