ನೇಗಿಲಿಗಿಂತ ಹಳೆಯ ಬೇಸಾಯಗಾರ

ಅಮೆರಿಕದ ಮಧ್ಯಭಾಗದ ಚರಿತ್ರೆಯನ್ನು ಇಲ್ಲಿಯವರು ನೇಗಿಲಿನಿಂದ ಶುರು ಮಾಡುತ್ತಾರೆ. 1837ರಲ್ಲಿ ಇಲಿನಾಯ್ ರಾಜ್ಯದ ಕಮ್ಮಾರ ಜಾನ್ ಡೀರ್ ಉಕ್ಕಿನ ನೇಗಿಲು ಮಾಡಿದ. ಜಿಗುಟಾದ ಕಪ್ಪು ಮಣ್ಣು ಅದಕ್ಕೆ ಮೆತ್ತಿಕೊಳ್ಳದೆ ಜಾರಿತು. ಆಳೆತ್ತರದ ಹುಲ್ಲುಗಾವಲು ಮೆಕ್ಕೆಜೋಳದ ಹೊಲವಾಯಿತು. ಕಾನ್ಸಾಸ್‌ನಲ್ಲಿ ನೆಲೆಸಿದ ಮೇಲೆ ಈ ಕಥೆಯನ್ನು ಎಷ್ಟೋ ಸಲ ಕೇಳಿದ್ದೇನೆ. ಆ ಮಣ್ಣನ್ನು ಅಷ್ಟು ಫಲವತ್ತಾಗಿ ಮಾಡಿಟ್ಟವರು ಯಾರು ಎಂಬುದು ಮಾತ್ರ ಅದರಲ್ಲಿ ಬರುವುದಿಲ್ಲ.

ಉತ್ತರದ ಒಂದು ಎಳೆ ಸಿಕ್ಕಿದ್ದು ಜರ್ಮನಿಯಲ್ಲಿ. ನೆಲದೊಳಗೆ ಬೆಳೆಯುವ ದುಬಾರಿ ಟ್ರಫಲ್ ಅಣಬೆಯನ್ನು ಕೃಷಿ ಮಾಡುವ ದಾರಿ ಹುಡುಕಲು ಪ್ರಷ್ಯಾ ಸರ್ಕಾರ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್‌ಗೆ ಹೇಳಿತ್ತು. ಆ ಕೆಲಸ ಕೈಗೂಡಲಿಲ್ಲ. ಆದರೆ ಮರಗಳ ಬೇರನ್ನು ಹೊದ್ದ ಶಿಲೀಂಧ್ರ ರೋಗವಲ್ಲ, ಪೋಷಕ ಎಂದು ಅವರು ಕಂಡುಕೊಂಡರು. 1885ರಲ್ಲಿ ಆ ಜೋಡಿಗೆ 'ಮೈಕೊರೈಜಾ' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅಣಬೆ-ಬೇರು ಎಂದರ್ಥ.

ಹುಲ್ಲಿನಲ್ಲಿರುವುದು ಇದರ ಬೇರೊಂದು ಬಗೆ. ಶಿಲೀಂಧ್ರ ಬೇರಿನ ಜೀವಕೋಶದೊಳಗೇ ಪುಟ್ಟ ಮರದಂತೆ ಕವಲೊಡೆಯುತ್ತದೆ. ಹೊರಗೆ ಚಾಚಿದ ಅದರ ನವಿರು ಎಳೆಗಳು ಬೇರಿಗೆ ಎಟುಕದ ಕಡೆಯಿಂದ ರಂಜಕ ತಂದುಕೊಡುತ್ತವೆ, ಮಣ್ಣಿನ ಕಣಗಳನ್ನು ಹೆಣೆದು ಹಿಡಿಯುತ್ತವೆ. ಪ್ರತಿಯಾಗಿ ಹುಲ್ಲು ತಾನು ಬಿಸಿಲಲ್ಲಿ ಮಾಡಿದ ಆಹಾರದ ಪಾಲು ಕೊಡುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕವೇ.

ಈ ಎತ್ತರದ ಹುಲ್ಲುಗಾವಲಿನಲ್ಲಿ ಇಂದು ಉಳಿದಿರುವುದು ನೂರಕ್ಕೆ ನಾಲ್ಕು ಪಾಲೋ ಏನೋ. ಅದರಲ್ಲಿ ಹೆಚ್ಚಿನದು ಕಾನ್ಸಾಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿದೆ. ತೆಳು ಮಣ್ಣಿನ ಚಕಮಕಿ ಕಲ್ಲು ನೇಗಿಲನ್ನು ಒಳಗೆ ಬಿಡಲಿಲ್ಲ. ಹುಲ್ಲು ಉಳಿಯಿತು, ಜನ ಉಳಿಯಲಿಲ್ಲ: ರಾಜ್ಯಕ್ಕೆ ಹೆಸರು ಕೊಟ್ಟ ಕಾನ್ಸಾ ಬುಡಕಟ್ಟನ್ನು 1873ರಲ್ಲಿ ಇಂದಿನ ಒಕ್ಲಹೋಮಕ್ಕೆ ಸಾಗಹಾಕಲಾಯಿತು.

ಅವರ ಹೆಸರನ್ನೇ ಹೊತ್ತ ಕೊಂಜಾ ಪ್ರೇರಿಯಲ್ಲಿ ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲನ್ನು ಪರೀಕ್ಷಿಸಿದರು. ಅದರ ತೆನೆ ರಾಗಿಯದರಂತೆ ಬೆರಳು ಬೆರಳಾಗಿರುತ್ತದೆ. ಶಿಲೀಂಧ್ರವಿಲ್ಲದ ಮಣ್ಣಿನಲ್ಲಿ ಅದು ಕುಬ್ಜವಾಯಿತು. ಚಳಿಗಾಲಕ್ಕೆ ಹೊಂದಿದ ಹುಲ್ಲುಗಳಿಗೆ ಅಷ್ಟು ವ್ಯತ್ಯಾಸವಾಗಲಿಲ್ಲ. ಬಯಲಿನಲ್ಲಿ ಔಷಧ ಹಾಕಿ ಶಿಲೀಂಧ್ರವನ್ನು ಹತ್ತಿಕ್ಕಿದಾಗ ಬ್ಲೂಸ್ಟೆಮ್ ಹಿಂದೆ ಸರಿದು, ಬೇರೆ ಗಿಡಗಳು ಹೆಚ್ಚಿದವು. ಶಿಲೀಂಧ್ರ ಎಲ್ಲರಿಗೂ ಸಮನಾಗಿ ಹಂಚುವ ಧರ್ಮಿಷ್ಠನೇನಲ್ಲ. ಯಾವ ಹುಲ್ಲು ಆಳಬೇಕೆಂಬುದರಲ್ಲಿ ಅದರದೂ ಮಾತಿದೆ.

ರಾಗಿಯೂ ಹುಲ್ಲಿನ ಜಾತಿಯೇ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಮತ್ತು ಸಂಗಡಿಗರು ರಂಜಕ ಕಡಿಮೆಯಿದ್ದ ಮಣ್ಣಿನಲ್ಲಿ ಹತ್ತಿ, ಅಲಸಂದೆ, ರಾಗಿಗೆ ಈ ಶಿಲೀಂಧ್ರ ಕೊಟ್ಟು ನೋಡಿದ ಪ್ರಬಂಧ 1980ರಲ್ಲೇ ಪ್ರಕಟವಾಯಿತು, ಬೆಳವಣಿಗೆ ಹೆಚ್ಚಿತ್ತು.

ಪದೇ ಪದೇ ಉತ್ತರೆ ಎಳೆಗಳು ತುಂಡಾಗುತ್ತವೆ. ರಂಜಕದ ಗೊಬ್ಬರ ಸುರಿದರೆ ಗಿಡವೇ ಜೊತೆಗಾರನನ್ನು ದೂರವಿಡುತ್ತದೆ. ಉತ್ತ ಪ್ರೇರಿಗೆ ಮತ್ತೆ ಹುಲ್ಲಿನ ಬೀಜ ಚೆಲ್ಲಬಹುದು, ಹಳೆಯ ಮಣ್ಣು ಅದರೊಂದಿಗೆ ಮರಳುವುದಿಲ್ಲ. ಊರಿನ ಗೋಮಾಳವನ್ನು ಯಾರಾದರೂ 'ಖಾಲಿ ಬಿದ್ದ ಜಾಗ' ಎಂದಾಗ ನನಗೆ ಫ್ಲಿಂಟ್ ಹಿಲ್ಸ್ ನೆನಪಾಗುತ್ತದೆ. ಅಲ್ಲಿ ಅಡ್ಡ ನಿಲ್ಲಲು ಕಲ್ಲಿತ್ತು. ಗೋಮಾಳದ ಪರವಾಗಿ ನಾವೇ ನಿಲ್ಲಬೇಕು.