ಔಟ್‌ಬೋರ್ಡ್ ಇಂಜಿನ್‌ನಿಂದ ನೀರು ಬರುತ್ತಿಲ್ಲವೇ? ಹೀಗೆ ಪರೀಕ್ಷಿಸಿ

ಸಣ್ಣ ದೋಣಿಯ ಇಂಜಿನ್‌ನಿಂದ ಚಿಮ್ಮುವ ತೆಳುವಾದ ನೀರಿನ ಧಾರೆಯೇ ಪಂಪ್ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಬೇಸಗೆಯಲ್ಲಿ ಕೊಲ್ಲಿಯ ನೀರೇ 30 ಡಿಗ್ರಿ ದಾಟಿರುತ್ತದೆ. ಧಾರೆ ನಿಂತ ಮೇಲೂ ಓಡಿಸಿದರೆ ಪಿಸ್ಟನ್ ಜಾಮ್ ಆಗಿ ನಡುಸಮುದ್ರದಲ್ಲೇ ಸಿಕ್ಕಿಬೀಳಬೇಕಾದೀತು. ಕೂಡಲೇ ಇಂಜಿನ್ ಆಫ್ ಮಾಡಿ, ಲಂಗರು ಹಾಕಿ.

1. ಇಂಜಿನ್ ಮೇಲಕ್ಕೆತ್ತಿ ನೀರೆಳೆಯುವ ಜಾಲರಿ ನೋಡಿ. ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಪಾಚಿ ಸಿಕ್ಕಿದ್ದರೆ ತೆಗೆಯಿರಿ.

2. ಧಾರೆ ಬರುವ ತೂತಿಗೆ ದಪ್ಪ ಗಾಳದ ದಾರ ತೂರಿಸಿ. ಎಷ್ಟೋ ಸಲ ಉಪ್ಪು, ಮರಳು ಅಲ್ಲೇ ಕಟ್ಟಿರುತ್ತದೆ.

3. ಎರಡೂ ಸರಿಯಿದ್ದರೆ ಪಂಪ್‌ನೊಳಗಿನ ರಬ್ಬರ್ ಇಂಪೆಲ್ಲರ್ ಸವೆದಿರಬಹುದು. ದಡಕ್ಕೆ ಬಂದು ಬದಲಾಯಿಸಿ. ಎಸಳು ಮುರಿದಿದ್ದರೆ ಆ ತುಂಡು ಹುಡುಕಿ ತೆಗೆಯಲೇಬೇಕು, ಇಲ್ಲವಾದರೆ ನೀರಿನ ದಾರಿ ಮತ್ತೆ ಕಟ್ಟುತ್ತದೆ.

4. ಧಾರೆ ಚೆನ್ನಾಗಿದ್ದೂ ಬಿಸಿಯಾಗುತ್ತಿದ್ದರೆ ಥರ್ಮೋಸ್ಟಾಟ್ ಸಿಕ್ಕಿಕೊಂಡಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ.

ಕೆಲಸ ಮುಗಿದ ಮೇಲೆ ದಿನಾ ಸಿಹಿನೀರಿನಿಂದ ಇಂಜಿನ್ ಫ್ಲಶ್ ಮಾಡಿ. ನೀರಿಲ್ಲದೆ ಅರೆ ನಿಮಿಷವೂ ಸ್ಟಾರ್ಟ್ ಮಾಡಬೇಡಿ. ಒಣ ಪಂಪ್‌ನಲ್ಲಿ ಇಂಪೆಲ್ಲರ್ ಬೇಗ ಸುಟ್ಟುಹೋಗುತ್ತದೆ.