ಪ್ಲಾಸ್ಟಿಕ್ ಪೈಪಿನಿಂದ ಕಾರ್ಬುರೇಟರ್ ಸಿಂಕ್: ನಿಮ್ಮ ಬೈಕಿಗೆ ಇದು ಬೇಕೇ?

ಪಾರದರ್ಶಕ ಪ್ಲಾಸ್ಟಿಕ್ ಪೈಪು, ಸ್ವಲ್ಪ ಆಯಿಲ್, ಒಂದು ಮರದ ಹಲಗೆ. ಇಷ್ಟಿದ್ದರೆ ಮನೆಯಲ್ಲೇ ಕಾರ್ಬುರೇಟರ್ ‘ಸಿಂಕ್’ ಮಾಡಿ ಮೈಲೇಜ್ ಹೆಚ್ಚಿಸಬಹುದು ಎನ್ನುವ ವಿಡಿಯೊ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದರಲ್ಲಿ ಅರ್ಧ ಮಾತ್ರ ನಿಜ. ಉಪಕರಣ ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ನಮ್ಮ ರಸ್ತೆಗಳಲ್ಲಿ ಓಡುವ ಬಹುಪಾಲು ಬೈಕುಗಳಿಗೆ ಅದು ಬೇಕಾಗಿಯೇ ಇಲ್ಲ.

ಸಿಂಕ್ ಎಂದರೇನು?

ಕಾರ್ಬುರೇಟರ್ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುತ್ತದೆ. ಎಷ್ಟು ಗಾಳಿ ಒಳಗೆ ಹೋಗಬೇಕು ಎಂಬುದನ್ನು ಅದರೊಳಗಿನ ಥ್ರಾಟಲ್ ಕವಾಟ ನಿರ್ಧರಿಸುತ್ತದೆ. ಎರಡು ಸಿಲಿಂಡರಿಗೆ ಎರಡು ಕಾರ್ಬುರೇಟರ್ ಇದ್ದರೆ, ಎರಡೂ ಕವಾಟಗಳು ಒಂದೇ ಅಳತೆಯಲ್ಲಿ ತೆರೆಯಬೇಕು. ಇಲ್ಲದಿದ್ದರೆ ಜೋಡೆತ್ತಿನ ಗಾಡಿಯಲ್ಲಿ ಒಂದು ಎತ್ತು ಎಳೆದು ಇನ್ನೊಂದು ಹಿಂದುಳಿದಂತೆ. ಐಡ್ಲಿಂಗ್ ಏರಿಳಿಯುತ್ತದೆ, ಹ್ಯಾಂಡಲ್ ನಡುಗುತ್ತದೆ. ಎರಡನ್ನೂ ಸಮ ಮಾಡುವುದೇ ಸಿಂಕ್.

ಯಾವ ಬೈಕಿಗೆ ಬೇಕು?

ಹಳೆಯ ಸ್ಪ್ಲೆಂಡರ್, ಹಳೆಯ ಪಲ್ಸರ್ 150, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್, ಇವೆಲ್ಲಕ್ಕೂ ಒಂದೇ ಸಿಲಿಂಡರ್, ಒಂದೇ ಕಾರ್ಬುರೇಟರ್. ಒಂದೇ ಇದ್ದ ಮೇಲೆ ಸಮ ಮಾಡುವುದು ಯಾವುದರ ಜೊತೆ? 2020ರ ಏಪ್ರಿಲ್ 1ರಿಂದ ಬಿಎಸ್–6 ನಿಯಮ ಜಾರಿಯಾದ ಮೇಲೆ ಬಂದ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರೇ ಇಲ್ಲ, ಫ್ಯುಯೆಲ್ ಇಂಜೆಕ್ಷನ್ ಇದೆ.

ನಾಲ್ಕು ಕಾರ್ಬುರೇಟರಿನ ಹೋಂಡಾ ಸಿಬಿ750, ಭಾರತದಲ್ಲಿ 2009ರಲ್ಲಿ ಬಿಡುಗಡೆಯಾದ ಎರಡು ಕಾರ್ಬುರೇಟರಿನ ಕವಾಸಾಕಿ ನಿಂಜಾ 250ಆರ್ ಮುಂತಾದ ಫೋರ್ ಸ್ಟ್ರೋಕ್ ಬೈಕುಗಳಿಗೆ ಇದು ಬೇಕು. ರಾಜದೂತ್ 350ಕ್ಕೂ ಎರಡು ಕಾರ್ಬುರೇಟರ್ ಇವೆ. ಆದರೆ ಅದು ಟೂ ಸ್ಟ್ರೋಕ್. ಅದರಲ್ಲಿ ಎರಡೂ ಸ್ಲೈಡುಗಳು ಒಟ್ಟಿಗೆ ಏಳುವಂತೆ ಕೇಬಲ್ ಹೊಂದಿಸುತ್ತಾರೆ, ಈ ಪೈಪಿನ ವಿಧಾನವಲ್ಲ.

ಪೈಪು ಹೇಗೆ ಕೆಲಸ ಮಾಡುತ್ತದೆ?

ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ನೀರು ತುಂಬಿದ ಪೈಪು ಹಿಡಿಯುವುದನ್ನು ನೋಡಿದ್ದೀರಲ್ಲ? ಇದೂ ಹಾಗೆಯೇ. ನಾಲ್ಕೈದು ಮೀಟರ್ ಪಾರದರ್ಶಕ ಪೈಪನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ತಳಭಾಗದಲ್ಲಿ ಟೂ ಸ್ಟ್ರೋಕ್ ಆಯಿಲ್ ತುಂಬುತ್ತಾರೆ. ಎರಡು ತುದಿಗಳನ್ನು ಎರಡು ಸಿಲಿಂಡರುಗಳ ವ್ಯಾಕ್ಯೂಮ್ ಕಿಂಡಿಗೆ ಸಿಕ್ಕಿಸುತ್ತಾರೆ.

ಪಿಸ್ಟನ್ ಕೆಳಗಿಳಿದಾಗ ಗಾಳಿಯನ್ನು ಎಳೆಯುತ್ತದೆ. ಯಾವ ಬದಿಯ ಕವಾಟ ಹೆಚ್ಚು ಮುಚ್ಚಿದೆಯೋ ಆ ಬದಿಯ ಎಳೆತ ಹೆಚ್ಚು, ಅಲ್ಲಿ ಆಯಿಲ್ ಮೇಲೇರುತ್ತದೆ. ಎರಡೂ ಬದಿ ಒಂದೇ ಮಟ್ಟಕ್ಕೆ ಬಂದರೆ ಸಿಂಕ್ ಆಯಿತು.

ಮಾಡುವ ಕ್ರಮ

1. ಮೊದಲು ಏರ್ ಫಿಲ್ಟರ್, ಸ್ಪಾರ್ಕ್ ಪ್ಲಗ್, ವಾಲ್ವ್ ಕ್ಲಿಯರೆನ್ಸ್ ಸರಿ ಇರಬೇಕು. ಇವು ಕೆಟ್ಟಿದ್ದರೆ ಸಿಂಕ್ ಮಾಡಿ ಪ್ರಯೋಜನವಿಲ್ಲ.
2. ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ನಂತರ ಆಫ್ ಮಾಡಿ, ಪೈಪು ಜೋಡಿಸಿ, ಮತ್ತೆ ಸ್ಟಾರ್ಟ್ ಮಾಡಿ.
3. ಐಡ್ಲಿಂಗ್‌ನಲ್ಲಿಟ್ಟು, ಕಾರ್ಬುರೇಟರುಗಳ ನಡುವಿನ ಸಿಂಕ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ.
4. ಮಟ್ಟ ಸಮವಾದ ಮೇಲೆ ಒಮ್ಮೆ ಮೆಲ್ಲಗೆ ಎಕ್ಸಲರೇಟರ್ ಕೊಟ್ಟು, ಬಿಟ್ಟು, ಮತ್ತೆ ನೋಡಿ.
5. ಕೆಲಸ ಮುಗಿದ ಮೇಲೆ ಕಿಂಡಿಗಳ ಮುಚ್ಚಳ ಹಾಕಲು ಮರೆಯಬೇಡಿ.

ಸ್ಕ್ರೂ ಎಲ್ಲಿದೆ, ಯಾವ ಕ್ರಮದಲ್ಲಿ ತಿರುಗಿಸಬೇಕು ಎಂಬುದು ಬೈಕಿನಿಂದ ಬೈಕಿಗೆ ಬೇರೆ. ಸರ್ವಿಸ್ ಮ್ಯಾನುಯಲ್ ನೋಡಿಯೇ ಕೈ ಹಾಕಿ.

ವಿಡಿಯೊಗಳು ಹೇಳದ ಅಪಾಯಗಳು

• ವಿಷಾನಿಲ: ಓಡುವ ಎಂಜಿನ್ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇದು ಜೀವ ತೆಗೆಯಬಲ್ಲದು. ಬಾಗಿಲು ತೆರೆದಿದ್ದರೆ ಸಾಲದು, ಬಯಲಿನಲ್ಲೇ ಮಾಡಿ.
• ಬೆಂಕಿ: ಟ್ಯಾಂಕ್ ಕಳಚಿ ಬಾಟಲಿಯಿಂದ ಪೆಟ್ರೋಲ್ ಕೊಡುವುದನ್ನು ಕೆಲವರು ತೋರಿಸುತ್ತಾರೆ. ಬಿಸಿ ಸೈಲೆನ್ಸರ್ ಮೇಲೆ ಅದು ಚೆಲ್ಲಿದರೆ ಹೊತ್ತಿಕೊಳ್ಳಬಹುದು.
• ನೀರು ಬೇಡ: ಒಂದು ತುದಿ ಕಳಚಿದರೆ ಪೈಪಿನಲ್ಲಿರುವುದನ್ನೆಲ್ಲ ಎಂಜಿನ್ ಹೀರಿಕೊಳ್ಳುತ್ತದೆ. ಸ್ವಲ್ಪ ಆಯಿಲ್ ಆದರೆ ಹೊಗೆಯಾಗಿ ಹೋಗುತ್ತದೆ, ನೀರು ಉರಿಯುವುದಿಲ್ಲ. ಯಾವ ದ್ರವವೇ ಆಗಲಿ, ಸಿಲಿಂಡರಿನಲ್ಲಿ ಹೆಚ್ಚು ತುಂಬಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗಬಹುದು. ಆದ್ದರಿಂದ ಆಯಿಲ್ ಕಡಿಮೆ ಇರಲಿ, ಪೈಪು ಉದ್ದವಿರಲಿ.
• ಪಾದರಸ ಬೇಡವೇ ಬೇಡ: ಹಳೆಯ ಗ್ಯಾರೇಜ್ ಉಪಕರಣಗಳಲ್ಲಿ ಪಾದರಸ ಇರುತ್ತಿತ್ತು. ಅದರ ಆವಿ ವಿಷ.
• ಬಿಸಿ: ನಿಂತಲ್ಲೇ ಓಡುವ ಎಂಜಿನ್‌ಗೆ ಗಾಳಿ ತಾಗುವುದಿಲ್ಲ. ಎದುರಿಗೆ ಫ್ಯಾನ್ ಇಡಿ, ನಡುವೆ ಆಫ್ ಮಾಡಿ.

ಮೈಲೇಜ್ ದುಪ್ಪಟ್ಟಾಗುತ್ತದೆಯೇ?

ಇಲ್ಲ. ಸಿಂಕ್ ತಪ್ಪಿದ್ದ ಎಂಜಿನ್ ನುಣುಪಾಗಿ ಓಡುತ್ತದೆ, ನಡುಕ ಕಡಿಮೆಯಾಗುತ್ತದೆ, ವ್ಯರ್ಥವಾಗುತ್ತಿದ್ದ ಇಂಧನ ಸ್ವಲ್ಪ ಉಳಿಯಬಹುದು. ಅದಕ್ಕಿಂತ ಹೆಚ್ಚಿನದನ್ನು ಯಾವ ಪೈಪೂ ಕೊಡದು. ಒಂದೇ ಕಾರ್ಬುರೇಟರಿನ ಬೈಕಿನಲ್ಲಿ ಮೈಲೇಜ್ ಬಿದ್ದಿದ್ದರೆ ಟೈರಿನ ಗಾಳಿ, ಚೈನು, ಬ್ರೇಕಿನ ಹಿಡಿತ, ಏರ್ ಫಿಲ್ಟರ್ ಮೊದಲು ನೋಡಿಸಿ.

ಈ ವಿಡಿಯೊವನ್ನು ಮುಂದಕ್ಕೆ ಕಳಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನೋಡುವವರ ಬೈಕಿನಲ್ಲಿ ಎಷ್ಟು ಕಾರ್ಬುರೇಟರ್ ಇವೆ? ಉತ್ತರ ‘ಒಂದು’ ಅಥವಾ ‘ಇಲ್ಲ’ ಎಂದಾದರೆ ಅವರಿಗೆ ಆ ವಿಡಿಯೊ ಬೇಡ.